‘ಹತ್ತ ಕಡಿ ಅದೇ ಅದ್ರಿ’: ತೊಗರಿಯ ನೆಟೆ ರೋಗ ಹುಡುಕಲು ಹೊರಟ ಒಂಬತ್ತನೇ ತರಗತಿ

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿಯಲ್ಲಿ 36 ಮಕ್ಕಳು. ದಸರಾ ರಜೆ ಮುಗಿಯುವ ಹೊತ್ತಿಗೆ ಊರ ಸುತ್ತಲಿನ ತೊಗರಿ ಹೂವಿಗೆ ಬಂದಿತ್ತು. ಕೆಲವು ಹೊಲಗಳಲ್ಲಿ ಗಿಡ ನಿಂತಲ್ಲೇ ಬಾಡತೊಡಗಿತ್ತು, ಅಲ್ಲಿಯವರ ಮಾತಿನಲ್ಲಿ ‘ನೆಟೆ ಹಾಯ್ದಿತ್ತು’. ವಿಜ್ಞಾನ ಶಿಕ್ಷಕಿ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಒಂದು ಪ್ರಶ್ನೆ ಕೊಟ್ಟರು: ನೆಟೆ ರೋಗ ಯಾಕೆ ಬರುತ್ತದೆ, ಬಂದ ಮೇಲೆ ಏನು ಮಾಡಬೇಕು? ಇಂಟರ್ನೆಟ್‌ನಲ್ಲಿ ಹುಡುಕಿ ಒಂದು ಪುಟ ಬರೆದು ತನ್ನಿ.

ನಾಲ್ಕು ನಾಲ್ಕು ಮಕ್ಕಳ ಒಂಬತ್ತು ಗುಂಪು, ಒಂಬತ್ತು ಹಾಳೆ. ಆರು ಹಾಳೆಗಳಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯ: ಬಾಡಿದ ಗಿಡದ ಬುಡಕ್ಕೆ ಹುಳಿ ಮಜ್ಜಿಗೆ, ಬೆಲ್ಲ ಮತ್ತು ಒಂದು ಬಾಟಲಿಯ ದ್ರಾವಣ ಕಲಸಿ ಹಾಕಿದರೆ ಮೂರು ದಿನದಲ್ಲಿ ಗಿಡ ಮತ್ತೆ ಚಿಗುರುತ್ತದೆ. ಇದು ನಿಜ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಬಂದ ಉತ್ತರ: “ಹತ್ತ ಕಡಿ ಅದೇ ಅದ್ರಿ ಟೀಚರ್.”

ಮಕ್ಕಳು ಸುಳ್ಳು ಹೇಳಿರಲಿಲ್ಲ. ನಿಜಕ್ಕೂ ಹತ್ತು ಕಡೆ ಅದೇ ಇತ್ತು. ಆ ಹತ್ತು ಕಡೆಗಳು ಎಷ್ಟು ಬಾಯಿಗಳ ಮಾತು ಎಂದು ಎಣಿಸುವುದನ್ನು ಆ ತರಗತಿ ನಾಲ್ಕು ವಾರದಲ್ಲಿ ಹೇಗೆ ಕಲಿಯಿತು, ನಡುವೆ ಏನೇನು ಕೆಟ್ಟಿತು ಎಂಬುದನ್ನು ಇಲ್ಲಿ ದಾಖಲಿಸಿದೆ.

ವಿಷಯ ಸಣ್ಣದಲ್ಲ. ಕಲಬುರಗಿಯನ್ನು ತೊಗರಿ ಕಣಜ ಎನ್ನುತ್ತಾರೆ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಜಿಲ್ಲೆಯ ಬೆಳೆಯನ್ನು ತಿಂದಾಗ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಈ ಮಕ್ಕಳಲ್ಲಿ ಹೆಚ್ಚಿನವರ ಮನೆಯ ವರ್ಷದ ಲೆಕ್ಕ ತೊಗರಿಯ ಮೇಲೆ ನಿಂತಿದೆ. ಮಗಳು ಫೋನಿನಲ್ಲಿ ಓದಿ ಹೇಳಿದ್ದನ್ನು ಅಪ್ಪ ಮರುದಿನ ಹೊಲಕ್ಕೆ ಸುರಿಯಬಹುದು.

ಮೊದಲ ವಾರ: ಪಟ್ಟಿ ಕೊಟ್ಟದ್ದೇ ತಪ್ಪಾಯಿತು

ಶಿಕ್ಷಕಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪ್ರತಿ ಪುಟಕ್ಕೆ ಹತ್ತು ಅಂಕದ ಪಟ್ಟಿ: ಬರೆದವರ ಹೆಸರಿದೆಯೇ, ದಿನಾಂಕ ಇದೆಯೇ, ಕಾಗುಣಿತ ಸರಿ ಇದೆಯೇ, ‘ನಮ್ಮ ಬಗ್ಗೆ’ ಪುಟ ಇದೆಯೇ, ಚಿತ್ರಗಳು ಸ್ಪಷ್ಟವಾಗಿವೆಯೇ. ಬಾಟಲಿ ಮಾರುವವರ ಪುಟಕ್ಕೆ ಒಂಬತ್ತು ಅಂಕ ಬಂತು. ಕೃಷಿ ವಿಶ್ವವಿದ್ಯಾಲಯದ್ದೊಂದು ಹಳೆಯ ಪಿಡಿಎಫ್‌ಗೆ ನಾಲ್ಕು.

ಕಾರಣ ಸರಳ. ಆ ಪಟ್ಟಿಯ ಪ್ರತಿ ಪ್ರಶ್ನೆಗೂ ಉತ್ತರ ಕೊಡುವುದು ಆ ಪುಟವೇ. ಅಂಗಡಿಯವನನ್ನೇ ನಿಲ್ಲಿಸಿ ನಿನ್ನ ಮಾಲು ಚೆನ್ನಾಗಿದೆಯಾ ಎಂದು ಕೇಳಿದಂತೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಪರಿಶೀಲಕರು ಮತ್ತು 25 ವಿದ್ಯಾರ್ಥಿಗಳ ಮುಂದೆ ಜಾಲತಾಣಗಳನ್ನಿಟ್ಟು ಪರೀಕ್ಷಿಸಿದ್ದರು. ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳು ಆ ಪುಟದಲ್ಲೇ ಮೇಲಿಂದ ಕೆಳಗೆ ಓದುತ್ತ ಕುಳಿತು ಅದರ ಅಂದಕ್ಕೆ ಮೋಸ ಹೋದದ್ದುಂಟು. ಪರಿಶೀಲಕರು ಪುಟ ತೆರೆದ ಕೂಡಲೇ ಅದನ್ನು ಬಿಟ್ಟು ಹೊಸ ಕಿಟಕಿ ತೆರೆದು, ಇದರ ಹಿಂದೆ ಯಾರಿದ್ದಾರೆ ಎಂದು ಬೇರೆಯವರಿಂದ ಕೇಳಿ ತಿಳಿದುಕೊಂಡರು. ಕಡಿಮೆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಟ್ಟವರು ಅವರೇ.

ಆದ್ದರಿಂದ ಎರಡನೇ ವಾರ ಪಟ್ಟಿ ಹೋಯಿತು, ಒಂದು ನಿಯಮ ಬಂತು: ಪುಟ ತೆರೆದ ಒಂದು ನಿಮಿಷದಲ್ಲಿ ಹೊರಗೆ ಬರಬೇಕು. ಪುಟದ ಅಥವಾ ಚಾನೆಲ್‌ನ ಹೆಸರನ್ನು ಹೊಸ ಕಿಟಕಿಯಲ್ಲಿ ಹುಡುಕಿ, ಯಾರದು, ಇದರಿಂದ ಅವರಿಗೆ ಏನು ಸಿಗುತ್ತದೆ ಎಂದು ಒಂದು ಸಾಲು ಬರೆಯಬೇಕು. ಬರೆದ ಮೇಲೆ ಮಾತ್ರ ವಾಪಸ್ ಹೋಗಿ ಓದಬೇಕು. ಒಂದು ಗುಂಪು ಮೂರು ದಿನದಲ್ಲಿ ಚಿಗುರುವ ವಿಡಿಯೊವನ್ನು ಕೊನೆಯವರೆಗೂ ಓಡಿಸಿತು. ಕೊನೆಯ ನಿಮಿಷದಲ್ಲಿ ಫೋನ್ ನಂಬರ್ ಬಂತು, ಬಾಟಲಿಯ ಬೆಲೆ ಬಂತು. ಗಿಡ ಬಾಡಿದ ಚಿತ್ರ ಒಂದು ಹೊಲದ್ದು, ಚಿಗುರಿದ ಚಿತ್ರ ಇನ್ನೊಂದು ಹೊಲದ್ದು: ಮೊದಲನೆಯದರ ಹಿಂದೆ ಬದುವಿನ ಬೇವಿನ ಮರ, ಎರಡನೆಯದರಲ್ಲಿ ಹನಿ ನೀರಾವರಿಯ ಪೈಪು.

ಪ್ರಯೋಗಾಲಯದಲ್ಲಿ ಓಡುತ್ತಿದ್ದದ್ದು ಐದು ಕಂಪ್ಯೂಟರ್, ಇಂಟರ್ನೆಟ್ ಶಿಕ್ಷಕರ ಮೊಬೈಲಿನ ಹಾಟ್‌ಸ್ಪಾಟ್. ಒಂಬತ್ತು ಗುಂಪು ಒಟ್ಟಿಗೆ ಕೂರಲಾಗದು. ಹಾಗಾಗಿ ಒಂದು ಅವಧಿಗೆ ನಾಲ್ಕೈದು ಗುಂಪು ಯಂತ್ರದ ಮುಂದೆ, ಉಳಿದವರು ಹಿಂದಿನ ದಿನ ತೆಗೆದ ಸ್ಕ್ರೀನ್‌ಶಾಟ್‌ಗಳ ಮುದ್ರಿತ ಹಾಳೆಯ ಮೇಲೆ. ವಿದ್ಯುತ್ ಹೋದ ಎರಡು ದಿನ ಈ ಹಾಳೆಗಳೇ ಕೈ ಹಿಡಿದವು. ಗುಂಪಿನಲ್ಲಿ ಒಬ್ಬರು ಟೈಪ್ ಮಾಡುವವರು, ಒಬ್ಬರು ಬರೆಯುವವರು, ಒಬ್ಬರು ಗಡಿಯಾರ ನೋಡುವವರು, ಒಬ್ಬರು ತಕರಾರು ಮಾಡುವವರು. ತಕರಾರಿನ ಕೆಲಸ ಪ್ರತಿ ವಾರ ಕೈ ಬದಲಾಗಬೇಕು. ಇಲ್ಲದಿದ್ದರೆ ಜೋರುಬಾಯಿಯ ಒಬ್ಬನೇ ಅದನ್ನು ಹಿಡಿದುಕೊಳ್ಳುತ್ತಾನೆ, ಉಳಿದ ಮೂವರು ಕಲಿಯುವುದಿಲ್ಲ.

ಒಂದೇ ರೋಗಕ್ಕೆ ನಾಲ್ಕು ಹೆಸರು

ಹುಡುಕುವ ಪದವೇ ಫಲಿತಾಂಶವನ್ನು ಆರಿಸುತ್ತದೆ ಎಂಬುದು ಮಕ್ಕಳಿಗೆ ಹೊಸದು. ಎಲ್ಲರೂ ಮೈಕ್ ಒತ್ತಿ ‘ತೊಗರಿ ನೆಟೆ ರೋಗಕ್ಕ ಔಷಧ’ ಎಂದಿದ್ದರು. ‘ಔಷಧ’ ಎಂದು ಕೇಳಿದರೆ ಔಷಧ ಮಾರುವವರೇ ಮೊದಲು ಬರುತ್ತಾರೆ. ಅದೇ ಪ್ರಶ್ನೆಯನ್ನು ‘ತೊಗರಿ ಸೊರಗು ರೋಗ ನಿರ್ವಹಣೆ’ ಎಂದು ಬರೆದಾಗ ಕೃಷಿ ಇಲಾಖೆ, ವಿಶ್ವವಿದ್ಯಾಲಯಗಳ ಪುಟಗಳು ಮೇಲೆ ಬಂದವು. ಪುಸ್ತಕದ ಕನ್ನಡದಲ್ಲಿ ಅದು ಸೊರಗು ರೋಗ. ‘ಫ್ಯುಸೇರಿಯಂ ವಿಲ್ಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಕಾನ್ಪುರದ ದ್ವಿದಳಧಾನ್ಯ ಸಂಶೋಧನಾ ಸಂಸ್ಥೆಗಳ ಪುಟಗಳು. ಆಳಂದ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಮನೆಯಲ್ಲಿ ಮರಾಠಿ ಆಡುವ ಇಬ್ಬರು ಹುಡುಗಿಯರು ‘ಮರ ರೋಗ’ ಎಂದು ಹುಡುಕಿ ಇನ್ನೊಂದು ಗಂಟು ಮಾಹಿತಿ ತಂದರು. ಅದರಲ್ಲಿದ್ದ ತಳಿಗಳ ಶಿಫಾರಸು ಮಹಾರಾಷ್ಟ್ರದ ರೈತರಿಗೆ ಮಾಡಿದ್ದು. ಮಾಹಿತಿ ಸುಳ್ಳಲ್ಲ, ಆದರೆ ನಮ್ಮ ಊರಿಗೆಂದು ಹೇಳಿದ್ದಲ್ಲ. ಬರೆಯುವ ವಹಿಯಲ್ಲಿ ‘ಯಾವ ಪ್ರದೇಶಕ್ಕೆ?’ ಎಂಬ ಅಂಕಣ ಸೇರಿದ್ದು ಅವತ್ತು.

ಕನ್ನಡದ ಒಳ್ಳೆಯ ಕೃಷಿ ಮಾಹಿತಿ ಕಣ್ಣಿಗೆ ಬೀಳದಿರುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಶಿಕ್ಷಕರು ತಿಳಿದಿರಲೇಬೇಕು. ಹಳೆಯ ಕೈಪಿಡಿಗಳಲ್ಲಿ ಎಷ್ಟೋ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿವೆ, ಇಲ್ಲವೇ ಬರೀ ಸ್ಕ್ಯಾನ್ ಚಿತ್ರಗಳಾಗಿವೆ. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಪುಟ ಹುಡುಕುಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಕಲಿಸಿ ಅಂಟಿಸಿ ನೋಡಿದರೆ ಗೊತ್ತಾಗುತ್ತದೆ. ಹುಡುಕಾಟದಲ್ಲಿ ಮೇಲೆ ಬರಲಿಲ್ಲ ಎಂದರೆ ಮಾಹಿತಿ ಇಲ್ಲ ಎಂದಲ್ಲ. ಸಂಸ್ಥೆಯ ತಾಣಕ್ಕೇ ಹೋಗಿ ಪ್ರಕಟಣೆಗಳ ಪಟ್ಟಿಯನ್ನು ಕೈಯಿಂದ ತಿರುವಿ ಹಾಕಬೇಕು. ನಾಲ್ಕು ಅಂಕ ಪಡೆದ ಆ ಪಿಡಿಎಫ್ ಸಿಕ್ಕಿದ್ದು ಹಾಗೆಯೇ.

ನೆಲದ ಮೇಲೆ ಹತ್ತು ಚೀಟಿ

ಮೂರನೇ ವಾರದ ಕೆಲಸವೇ ಈ ಪ್ರಕರಣದ ತಿರುಳು. ‘ಹತ್ತು ಕಡೆ’ ಎಂದರಲ್ಲ, ಆ ಹತ್ತನ್ನೂ ತನ್ನಿ ಎಂದರು ಶಿಕ್ಷಕಿ. ಆರು ಜಾಲಪುಟ, ನಾಲ್ಕು ವಿಡಿಯೊ. ಪ್ರತಿಯೊಂದಕ್ಕೂ ಒಂದು ಚೀಟಿ: ಹೆಸರು, ಪ್ರಕಟವಾದ ದಿನ, ಮುಖ್ಯ ವಾಕ್ಯ ಅಕ್ಷರಶಃ. ತರಗತಿಯ ನೆಲದ ಮೇಲೆ ಹರಡಿ, ದಿನಾಂಕದ ಪ್ರಕಾರ ಜೋಡಿಸಿ, ಒಂದೇ ಥರದ ತಪ್ಪುಗಳನ್ನು ಹುಡುಕಲು ಹೇಳಿದರು.

ಸರಿಯಾದ ಮಾತು ಇಬ್ಬರಿಗೆ ಸ್ವತಂತ್ರವಾಗಿ ಹೊಳೆಯಬಹುದು. ಅದೇ ವಿಚಿತ್ರ ತಪ್ಪು ಇಬ್ಬರಿಗೆ ಸ್ವತಂತ್ರವಾಗಿ ಹೊಳೆಯುವುದು ಬಹಳ ಅಪರೂಪ. ಓಲೆಗರಿ ಪ್ರತಿಗಳನ್ನು ಇಟ್ಟುಕೊಂಡು ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಯಾವ ಪ್ರತಿ ಯಾವುದರ ನಕಲು ಎಂದು ಕಂಡುಹಿಡಿಯುವುದು ಈ ಸೂತ್ರದಿಂದಲೇ: ಸಮಾನ ಸ್ಖಾಲಿತ್ಯ ಸಮಾನ ಮೂಲವನ್ನು ತೋರಿಸುತ್ತದೆ. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ಮಳಖೇಡ ಇದೇ ಜಿಲ್ಲೆಯಲ್ಲಿದೆ. ಉದಾಹರಣೆಗೆ ದೂರ ಹೋಗಬೇಕಾಗಿರಲಿಲ್ಲ.

ಮಕ್ಕಳಿಗೆ ಮೂರು ಗುರುತು ಸಿಕ್ಕವು.

ಮೊದಲನೆಯದು ಒಂದು ಚಿತ್ರ. ಐದು ಪುಟಗಳಲ್ಲಿ ‘ನೆಟೆ ಹತ್ತಿದ ತೊಗರಿ’ ಎಂದು ಹಾಕಿದ್ದ ಫೋಟೊ ನೋಡಿ ಹಿಂದಿನ ಬೆಂಚಿನ ಹುಡುಗನೊಬ್ಬ, ಇದು ಕಡಲಿ ಅದ, ತೊಗರಿ ಅಲ್ಲ ಎಂದ. ಹೌದು, ಅದು ಕಡಲೆ. ತೊಗರಿಗೆ ಒಂದು ತೊಟ್ಟಿಗೆ ಮೂರು ಎಲೆ, ಗಿಡ ಆಳೆತ್ತರ. ಕಡಲೆ ಮೊಳಕಾಲೆತ್ತರ, ಗರಿಯಂತೆ ಸಣ್ಣ ಸಣ್ಣ ಎಲೆ, ಅಂಚಿಗೆ ಗರಗಸದ ಹಲ್ಲು. ಹುಟ್ಟಿದಾಗಿನಿಂದ ಎರಡೂ ಬೆಳೆ ನೋಡಿದ ಮಕ್ಕಳು ಒಂದು ವಾರ ಆ ಚಿತ್ರವನ್ನು ಒಪ್ಪಿಕೊಂಡು ಕುಳಿತಿದ್ದರು. ಪರದೆಯ ಮೇಲೆ ಬಂದದ್ದರ ಎದುರು ತಮ್ಮ ಕಣ್ಣಿಗೆ ಬೆಲೆ ಇಲ್ಲ ಎಂದು ಅವರಿಗೆ ಅನಿಸಿತ್ತು. ಈ ಒಂದು ಕ್ಷಣಕ್ಕಾಗಿಯೇ ಇಡೀ ಚಟುವಟಿಕೆ ಮಾಡಬಹುದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಚಿತ್ರದಿಂದ ಹುಡುಕುವ ಸೌಲಭ್ಯಕ್ಕೆ ಆ ಫೋಟೊ ಕೊಟ್ಟಾಗ ಅದು ಕಡಲೆಯ ರೋಗದ ಒಂದು ಇಂಗ್ಲಿಷ್ ಪುಟಕ್ಕೆ ಹೋಗಿ ನಿಂತಿತು.

ಎರಡನೆಯದು ಶಿಲೀಂಧ್ರದ ಹೆಸರು. ತೊಗರಿಗೆ ನೆಟೆ ತರುವುದು ಫ್ಯುಸೇರಿಯಂ ಉಡಮ್. ಆ ಐದು ಪುಟಗಳಲ್ಲಿ ಬರೆದದ್ದು ಫ್ಯುಸೇರಿಯಂ ಆಕ್ಸಿಸ್ಪೋರಮ್, ಅದರ ಮುಂದೆ ‘ಸೈಸೆರಿಸ್’. ಉಡಮ್ ಅನ್ನೇ ಆಕ್ಸಿಸ್ಪೋರಮ್‌ನ ಒಂದು ಬಗೆ ಎಂದು ಹಳೆಯ ಬರಹಗಳು ಕರೆದದ್ದುಂಟು, ಅಷ್ಟನ್ನೇ ತಪ್ಪೆನ್ನಲಾಗದು. ‘ಸೈಸೆರಿಸ್’ ಮಾತ್ರ ಕಡಲೆಯ ವೈಜ್ಞಾನಿಕ ಹೆಸರಾದ ಸೈಸರ್‌ನಿಂದ ಬಂದದ್ದು. ಕಡಲೆಯ ಪುಟವನ್ನು ತಂದು ತೊಗರಿಯ ಹೆಸರು ಅಂಟಿಸಿದ್ದಾರೆ ಎಂಬುದಕ್ಕೆ ಇದು ಎರಡನೇ ಸಾಕ್ಷಿ. ಅದರಲ್ಲಿ ಎರಡು ಪುಟಗಳಲ್ಲಿ ತೊಗರಿಗೆ ‘ಪಾರಿವಾಳ ಬಟಾಣಿ’ ಎಂಬ ಹೆಸರೂ ಇತ್ತು. ಯಂತ್ರ ಅನುವಾದಿಸಿದ್ದನ್ನು ಯಾರೂ ಓದದೆ ಹಾಕಿದರೆ ಹೀಗಾಗುತ್ತದೆ. ತೊಗರಿಯನ್ನು ಕಣ್ಣಿಂದ ಕಂಡ ಯಾವ ಕನ್ನಡಿಗನೂ ಹಾಗೆ ಬರೆಯುವುದಿಲ್ಲ.

ಮೂರನೆಯದು ಒಂದು ‘ಅಥವಾ’. ವಿಶ್ವವಿದ್ಯಾಲಯದ ಪಿಡಿಎಫ್‌ನಲ್ಲಿ ಬೀಜೋಪಚಾರಕ್ಕೆ, ಅಂದರೆ ಬಿತ್ತುವ ಮುಂಚೆ ಬೀಜಕ್ಕೆ ಲೇಪಿಸಲು, ಟ್ರೈಕೋಡರ್ಮಾ ಅಥವಾ ಶಿಲೀಂಧ್ರನಾಶಕ ಎಂದಿತ್ತು. ನಕಲಿನಲ್ಲಿ ‘ಅಥವಾ’ ಹೋಗಿ ಅಲ್ಪವಿರಾಮ ಬಂತು, ಅದರ ನಕಲಿನಲ್ಲಿ ‘ಮತ್ತು’ ಆಯಿತು. ಟ್ರೈಕೋಡರ್ಮಾ ಸ್ವತಃ ಒಂದು ಶಿಲೀಂಧ್ರ, ರೋಗದ ಶಿಲೀಂಧ್ರವನ್ನು ತಡೆಯುವಂಥದ್ದು. ಕಾರ್ಬೆಂಡಾಜಿಮ್‌ನಂಥ ಶಿಲೀಂಧ್ರನಾಶಕದ ಜೊತೆ ಕಲಸಿದರೆ ಅದು ಬೆಳೆಯದು. ಎರಡಕ್ಕೂ ದುಡ್ಡು ಕೊಟ್ಟು ಒಂದನ್ನು ಕೈಯಾರೆ ಕೊಂದಂತಾಗುತ್ತದೆ. ಒಂದು ಪದದ ನಕಲು ದೋಷ ಹೊಲದಲ್ಲಿ ಇಷ್ಟು ಮಾಡಬಲ್ಲದು. ಇದೇ ಜಾತಿಯ ಇನ್ನೊಂದು ತಪ್ಪು ಎಕರೆ ಮತ್ತು ಹೆಕ್ಟೇರ್‌ದು: ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. ಹೆಕ್ಟೇರಿಗೆ ಹೇಳಿದ ಪ್ರಮಾಣವನ್ನು ಎಕರೆಗೆ ಎಂದು ಬರೆದರೆ ಎರಡೂವರೆ ಪಟ್ಟು ಬೀಳುತ್ತದೆ. ಹತ್ತರಲ್ಲಿ ಎರಡು ಕಡೆ ಹಾಗೇ ಆಗಿತ್ತು.

ಗುರುತುಗಳ ಪ್ರಕಾರ ಚೀಟಿಗಳನ್ನು ಗುಡ್ಡೆ ಹಾಕಿದಾಗ ಹತ್ತು ಕಡೆ ಎಂಬುದು ಮೂರು ಮೂಲಕ್ಕೆ ಇಳಿಯಿತು: ಬಾಟಲಿ ಮಾರುವವರ ವಿಡಿಯೊ, ಕಡಲೆಯ ಆ ಇಂಗ್ಲಿಷ್ ಪುಟ ಮತ್ತು ವಿಶ್ವವಿದ್ಯಾಲಯದ ಆ ಪಿಡಿಎಫ್. ಉಳಿದವೆಲ್ಲ ಇವುಗಳ ಮಕ್ಕಳು ಮೊಮ್ಮಕ್ಕಳು. ಮೂರು ದಿನದಲ್ಲಿ ಚಿಗುರುವ ಮಾತು ಮೊದಲು ಬಂದದ್ದು ವಿಡಿಯೊದಲ್ಲಿ ಮಾತ್ರ.

ಎಲ್ಲವೂ ಸುಳ್ಳು ಎಂಬ ಇನ್ನೊಂದು ಹಳ್ಳ

ಮರುದಿನವೇ ಹೊಸ ತೊಂದರೆ. “ನೆಟ್‌ನ್ಯಾಗ ಎಲ್ಲಾ ಸುಳ್ಳೇ ಅದರಿ” ಎಂದು ಮೂರು ಗುಂಪುಗಳು ವಹಿ ಮುಚ್ಚಿ ಕುಳಿತವು. ಸುಳ್ಳು ಹಿಡಿಯುವುದನ್ನೇ ಕಲಿಸಿದರೆ ಮಕ್ಕಳು ಒಳ್ಳೆಯದನ್ನೂ ಒದೆಯುತ್ತಾರೆ. ಇದು ನಂಬಿಬಿಡುವುದಕ್ಕಿಂತ ಕಡಿಮೆ ಕೆಟ್ಟದ್ದಲ್ಲ, ಯಾಕೆಂದರೆ ಕೊನೆಗೆ ಅವರು ಕೇಳುವುದು ಪಕ್ಕದಲ್ಲಿ ಜೋರಾಗಿ ಮಾತನಾಡುವವರನ್ನು. ಶಿಕ್ಷಕಿ ಅಂಕ ಹಂಚುವುದನ್ನು ಬದಲಿಸಿದರು. 20 ಅಂಕದಲ್ಲಿ ಸುಳ್ಳು ಹಿಡಿದದ್ದಕ್ಕೆ 4, ನಂಬಬಹುದಾದ ಮೂಲ ಹುಡುಕಿ ಯಾಕೆ ನಂಬಬಹುದು ಎಂದು ಬರೆದದ್ದಕ್ಕೆ 8, ವಹಿಯ ಶಿಸ್ತಿಗೆ 8.

ಅದರ ಜೊತೆಗೆ ‘ಸರಿ’, ‘ತಪ್ಪು’ ಎಂಬ ಎರಡೇ ಮನೆಗೆ ಮೂರನೆಯದು ಸೇರಿತು: ‘ಸರಿ, ಆದರೆ ಯಾವಾಗ?’ ಟ್ರೈಕೋಡರ್ಮಾ ನೆಟೆ ರೋಗಕ್ಕೆ ಒಳ್ಳೆಯದು ಎಂಬುದು ನಿಜ. ಬೀಜಕ್ಕೆ ಲೇಪಿಸಿ ಅಥವಾ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಬಿತ್ತನೆಗೆ ಮುಂಚೆ ಮಣ್ಣಿಗೆ ಸೇರಿಸಿದರೆ. ಹೂವಿನ ಹೊತ್ತಿಗೆ ಬಾಡಿದ ಗಿಡದ ಬುಡಕ್ಕೆ ಸುರಿದರೆ ಆ ಗಿಡ ಏಳುವುದಿಲ್ಲ: ಅಷ್ಟರಲ್ಲಿ ಶಿಲೀಂಧ್ರ ನೀರು ಸಾಗುವ ನಾಳಗಳನ್ನು ಕಟ್ಟಿಹಾಕಿರುತ್ತದೆ. ಪೂರ್ತಿ ಸುಳ್ಳಿಗಿಂತ ಇಂಥ ಹೊತ್ತು ತಪ್ಪಿದ ನಿಜವನ್ನು ಹಿಡಿಯುವುದು ಕಷ್ಟ, ಹಾಗಾಗಿ ಇದಕ್ಕೆ ಎರಡು ಪೂರ್ತಿ ಅವಧಿ ಕೊಟ್ಟದ್ದು ಸರಿಯಾಗಿತ್ತು. ಲೇಪನಕ್ಕೆ ಕೆಜಿ ಬೀಜಕ್ಕೆ ಒಂದು ಕಡೆ 4 ಗ್ರಾಂ, ಇನ್ನೊಂದು ಕಡೆ 10 ಗ್ರಾಂ ಎಂದಿದ್ದದ್ದೂ ಮಕ್ಕಳನ್ನು ಕಾಡಿತು. ತಯಾರಿಕೆಯ ಸಾಂದ್ರತೆ ಬೇರೆಯಾದರೆ ಪ್ರಮಾಣವೂ ಬೇರೆ. ತೀರ್ಮಾನ ಕೊಡುವುದು ಆ ಪೊಟ್ಟಣದ ಲೇಬಲ್ ಮತ್ತು ಸ್ಥಳೀಯ ಶಿಫಾರಸು.

ಸರ್ಕಾರಿ ವಿಳಾಸ ಕಂಡರೆ ಕಣ್ಣು ಮುಚ್ಚಿ ಒಪ್ಪುವುದನ್ನೂ ತಡೆಯಬೇಕಾಯಿತು. ಒಂದು ಗುಂಪು ತಂದ ಹಳೆಯ ಪುಟದಲ್ಲಿ ಕಾಯಿಕೊರಕ ಹುಳುವಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿ ಎಂದಿತ್ತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲೇ ಅದನ್ನು ನಿಷೇಧಿಸಿದೆ. ಬರೆದಾಗ ಆ ಸಲಹೆ ಚಾಲ್ತಿಯಲ್ಲಿತ್ತು, ಪುಟವನ್ನು ಆಮೇಲೆ ಯಾರೂ ತೆಗೆಯಲಿಲ್ಲ. ದಿನಾಂಕ ನೋಡುವುದು ಇಂಥದ್ದಕ್ಕಾಗಿ.

ಕೃತಕ ಬುದ್ಧಿಮತ್ತೆಯ ಉತ್ತರಕ್ಕೂ ಬೇರೆ ನಿಯಮ ಮಾಡಲಿಲ್ಲ. ಹುಡುಕಾಟದ ಮೇಲ್ತುದಿಯಲ್ಲಿ ಬರುವ ಅದರ ಕನ್ನಡ ತಿದ್ದಿ ತೀಡಿದಂತಿರುತ್ತದೆ, ಪ್ರಮಾಣಗಳನ್ನು ತಡವರಿಸದೆ ಹೇಳುತ್ತದೆ. ಕೆಳಗೆ ಕೊಟ್ಟ ಕೊಂಡಿಗಳನ್ನು ಒಂದೊಂದಾಗಿ ತೆರೆದು ಆ ಮಾತು ಅಲ್ಲಿ ನಿಜಕ್ಕೂ ಇದೆಯೇ ಎಂದು ನೋಡಬೇಕು. ಒಂದು ಗುಂಪಿಗೆ ಸಿಕ್ಕ ಕೊಂಡಿ ಮತ್ತೆ ಅದೇ ಕಡಲೆಯ ಪುಟಕ್ಕೆ ಕರೆದೊಯ್ದಿತು.

ಹೊಲಕ್ಕೆ ಹೋಗಿ ಬಂದ ಮೇಲೆ

ಪರದೆಯಲ್ಲಿ ಓದಿದ್ದನ್ನು ಪರದೆಯಲ್ಲೇ ಮುಗಿಸಲಿಲ್ಲ. ಬಾಡಿದ ಗಿಡವೆಲ್ಲ ನೆಟೆಯದ್ದಲ್ಲ. ಶಾಲೆಯ ಪಕ್ಕದ ಹೊಲದ ರೈತರ ಒಪ್ಪಿಗೆ ಪಡೆದು ಮೂರು ಗಿಡ ಕೀಳಿಸಿ, ಕಾಂಡವನ್ನು ಉದ್ದಕ್ಕೆ ಸೀಳಿಸಲಾಯಿತು. ಕುಡುಗೋಲು ಹಿಡಿದದ್ದು ರೈತರೇ. ಎರಡು ಗಿಡಗಳಲ್ಲಿ ತೊಗಟೆಯ ಒಳಗಿನ ಕಟ್ಟಿಗೆಯಲ್ಲಿ ಬುಡದಿಂದ ಮೇಲಕ್ಕೆ ಕಂದುಗಪ್ಪು ಗೆರೆಗಳು, ಸೀಸದ ಕಡ್ಡಿಯಲ್ಲಿ ಎಳೆದಂತೆ. ಅದು ನೆಟೆ. ಮೂರನೆಯದರಲ್ಲಿ ಕಟ್ಟಿಗೆ ಬೆಳ್ಳಗಿತ್ತು. ಎಲೆ ಸಣ್ಣದಾಗಿ ತಿಳಿಹಸಿರು ಕಡುಹಸಿರು ಮಚ್ಚೆ, ಗಿಡ ಪೊದೆಯಂತೆ ಬೆಳೆದು ಹೂವೇ ಇರಲಿಲ್ಲ. ಅದು ನುಸಿಯಿಂದ ಹರಡುವ ಗೊಡ್ಡು ರೋಗ. ಇದಕ್ಕೆ ಕಾರಣವೂ ಬೇರೆ, ಉಪಾಯವೂ ಬೇರೆ. ಎರಡನ್ನೂ ‘ತೊಗರಿ ರೋಗ’ ಎಂದು ಒಟ್ಟಿಗೆ ಹುಡುಕಿದವರಿಗೆ ಎರಡರ ಸಲಹೆಯೂ ಕಲಸಿ ಬಂದಿತ್ತು.

ಆಮೇಲೆ ಎರಡು ಕಡೆ ಬಾಯಿಮಾತಿನ ವಿಚಾರಣೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಇಬ್ಬರು ಮಕ್ಕಳು ಪಾಲಕರ ಜೊತೆ ಹೋದರು. ತರಗತಿಯಿಂದ ಕಿಸಾನ್ ಕಾಲ್ ಸೆಂಟರ್‌ಗೆ, 1800-180-1551ಕ್ಕೆ, ಸ್ಪೀಕರ್ ಹಾಕಿ ಕರೆ ಮಾಡಿದರು. ಕನ್ನಡದಲ್ಲೇ ಉತ್ತರ ಸಿಗುತ್ತದೆ. ಕೇಳಬೇಕಾದ ಪ್ರಶ್ನೆ ಮೊದಲೇ ಬರೆದಿತ್ತು: ತಾಲ್ಲೂಕು, ತಳಿ, ಬಿತ್ತಿದ ದಿನ, ಕಾಂಡ ಸೀಳಿದಾಗ ಕಂಡದ್ದು, ಆಮೇಲೆ ಪ್ರಶ್ನೆ. ‘ಔಷಧ ಏನ್ರಿ’ ಎಂದು ಶುರು ಮಾಡಿದರೆ ಯಾವ ತಜ್ಞರೂ ಸರಿಯಾಗಿ ಹೇಳಲಾರರು.

ಬಾಟಲಿಯದ್ದೊಂದು ಕೆಲಸ ಉಳಿದಿತ್ತು. ತರಗತಿಯ ಒಬ್ಬ ಹುಡುಗನ ಮನೆಯಲ್ಲಿ ಅದನ್ನು ಆಗಲೇ ಕೊಂಡಿದ್ದರು. ಮಕ್ಕಳು ಬಾಟಲಿ ಮುಟ್ಟುವಂತಿಲ್ಲ. ಅಪ್ಪನೇ ಲೇಬಲ್‌ನ ಫೋಟೊ ತೆಗೆದು ಕಳಿಸಿದರು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ರೋಗ ಅಥವಾ ಕೀಟ ನಿವಾರಿಸುತ್ತದೆ ಎಂದು ಮಾರುವ ಮಾಲಿಗೆ ನೋಂದಣಿ ಸಂಖ್ಯೆ ಬೇಕು. ಲೇಬಲ್ ಮೇಲೆ ವಿಷದ ಪ್ರಮಾಣ ಹೇಳುವ ಕೆಂಪು, ಹಳದಿ, ನೀಲಿ ಅಥವಾ ಹಸಿರು ಗುರುತು ಇರಬೇಕು. ಆ ಲೇಬಲ್‌ನಲ್ಲಿ ಎರಡೂ ಇರಲಿಲ್ಲ. ಇದನ್ನು ಮನೆಯಲ್ಲಿ ಹೇಗೆ ಹೇಳುವುದು ಎಂಬುದಕ್ಕೂ ಶಿಕ್ಷಕಿ ಹತ್ತು ನಿಮಿಷ ಇಟ್ಟಿದ್ದರು. ನೀವು ಮೋಸ ಹೋದಿರಿ ಎಂದು ಹದಿನಾಲ್ಕರ ಮಗ ಅಪ್ಪನಿಗೆ ಹೇಳಿದರೆ ಮಾತು ಅಲ್ಲಿಗೇ ಮುರಿಯುತ್ತದೆ. “ಇದರ ಮ್ಯಾಲ ನಂಬರ್ ಎಲ್ಲದ, ನೋಡೂಣು ಬರ್ರಿ” ಎಂದರೆ ಇಬ್ಬರೂ ಒಂದೇ ಕಡೆ ಕೂತು ಹುಡುಕುತ್ತಾರೆ. ಆ ವಿಡಿಯೊವನ್ನು ನಗುವುದಕ್ಕೂ ಯಾರಿಗೂ ಫಾರ್ವರ್ಡ್ ಮಾಡಬಾರದು, ಅದರ ನಂಬರಿಗೆ ಕರೆ ಮಾಡಬಾರದು ಎಂಬ ಎರಡು ಕಟ್ಟುಗಳೂ ಇದ್ದವು.

ಕೊನೆಯ ಹಾಳೆ ಬರೆಯುವಾಗ ನಕಲು ತಡೆಯಲು ಒಂದೇ ಉಪಾಯ: ಓದಿ, ಪರದೆ ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆದು, ಮತ್ತೆ ತೆರೆದು ಅಂಕಿಗಳನ್ನು ಮಾತ್ರ ಹೋಲಿಸಿ. ಪ್ರತಿ ಸಾಲಿನ ಎದುರು ಅಂಚಿನಲ್ಲಿ ಯಾರ ಮಾತು, ಯಾವ ದಿನದ್ದು, ನಾವು ನೋಡಿದ ದಿನ. ಒಂಬತ್ತು ಹಾಳೆಗಳ ಸಾರ ಹೀಗಿತ್ತು. ಬಾಡಿದ ಗಿಡಕ್ಕೆ ಮದ್ದಿಲ್ಲ. ಬಾಡಿದ ಗಿಡದ ಕೂಳೆಯಲ್ಲಿ ಶಿಲೀಂಧ್ರ ಮಣ್ಣಿನೊಳಗೆ ಮೂರು ವರ್ಷದವರೆಗೂ ಬದುಕುತ್ತದೆ, ಆದ್ದರಿಂದ ಕಿತ್ತು ಸುಡಬೇಕು. ಮುಂದಿನ ವರ್ಷ ಆ ಹೊಲಕ್ಕೆ ತೊಗರಿ ಬದಲು ಜೋಳ, ಇಲ್ಲವೇ ತೊಗರಿಯ ಜೊತೆ ಜೋಳದ ಸಾಲು. ನೆಟೆ ತಾಳುವ ತಳಿಯ ಬೀಜ, ಬಿತ್ತುವ ಮುಂಚೆ ಬೀಜೋಪಚಾರ. ಒಂದು ಗುಂಪು ಕೆಳಗೆ ಎರಡು ಸಾಲು ಸೇರಿಸಿತ್ತು: ನಮ್ಮ ಹೊಲದ ಟಿಎಸ್-3ಆರ್ ನೆಟೆ ತಾಳುವ ತಳಿ ಎನ್ನುತ್ತಾರೆ, ಆದರೂ ಯಾಕೆ ಬಾಡಿತು? ಉತ್ತರ ಸಿಗಲಿಲ್ಲ, ಕೃಷಿ ಸಂಶೋಧನಾ ಕೇಂದ್ರಕ್ಕೆ ಕೇಳಬೇಕು. ಆ ಎರಡು ಸಾಲಿಗೆ ಪೂರ್ತಿ ಅಂಕ ಸಿಕ್ಕಿತು.

ಯೋಜನೆಯ ದೊಡ್ಡ ದೋಷ ಅದರ ಕಾಲದಲ್ಲಿತ್ತು. ಮಕ್ಕಳು ಕಂಡುಕೊಂಡ ಉಪಾಯಗಳಲ್ಲಿ ಹೆಚ್ಚಿನವು ಬಿತ್ತನೆಗೆ ಮುಂಚಿನವು. ಹಾಳೆ ಸಿದ್ಧವಾದಾಗ ನವೆಂಬರ್ ಮುಗಿಯುತ್ತಿತ್ತು. ಇದೇ ಚಟುವಟಿಕೆಯನ್ನು ಮುಂದಿನ ವರ್ಷ ಜೂನ್ ಮೊದಲ ವಾರಕ್ಕೆ, ಮೃಗಶಿರ ಮಳೆಗೆ ಮುಂಚೆ ತರಲು ನಿಶ್ಚಯವಾಗಿದೆ. ಆಗ ಹತ್ತನೇ ತರಗತಿಗೆ ಹೋಗಿರುವ ಈ ಮಕ್ಕಳ ವಹಿಗಳೇ ಹೊಸ ಒಂಬತ್ತನೇ ತರಗತಿಯ ಮೊದಲ ಪರೀಕ್ಷಾ ಸಾಮಗ್ರಿ: ಅದರ ಪ್ರತಿ ಸಾಲಿಗೂ ‘ಇದು ಯಾರ ಮಾತು’ ಎಂದು ಕೇಳುವುದರಿಂದ ಪಾಠ ಶುರುವಾಗುತ್ತದೆ.